ಮನೆಗೆ ಯಾವ ಪ್ರಿಂಟರ್? ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮದು ದಾವಣಗೆರೆ, ವಿದ್ಯಾನಗರ. ಮಗಳು 9ನೇ ಕ್ಲಾಸು, ಮಗ 5ನೇ ಕ್ಲಾಸು. ಪ್ರಾಜೆಕ್ಟ್ ಅಂತ ವಾರಕ್ಕೆರಡು ಸಲ ಜೆರಾಕ್ಸ್ ಅಂಗಡಿಗೆ ಓಡಬೇಕು. ಮನೆಯವರಿಗೆ ಮೊಬೈಲಿನಲ್ಲಿರುವ ಫೋಟೋಗಳನ್ನೂ ಪ್ರಿಂಟ್ ಹಾಕಿ ಆಲ್ಬಂ ಮಾಡುವ ಆಸೆ. ಅಂಗಡಿಯಲ್ಲಿ ₹4,000ದ್ದೂ ಇದೆ, ₹14,000ದ್ದೂ ಇದೆ. ಆರು ಬಣ್ಣದ್ದು ಅಂತ ಅದಕ್ಕೂ ಜಾಸ್ತಿ ಬೆಲೆಯದು ತೋರಿಸುತ್ತಾರೆ. ಯಾವುದು ತಗೊಳ್ಳಲಿ ಸರ್?

ಉತ್ತರ: ನಾಲ್ಕು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್ ತಗೊಳ್ಳಿ, ಅಂದರೆ ಬಾಟಲಿಯಿಂದ ಇಂಕ್ ಸುರಿದು ತುಂಬಿಸುವಂಥದ್ದು. ಆಲ್ಬಂ ಫೋಟೋಗಳನ್ನು ಲ್ಯಾಬಿಗೇ ಕೊಡಿ. ಮನೆಯವರೂ ಒಪ್ಪಬೇಕಲ್ಲ, ಅದಕ್ಕೆ ಕಾರಣ ಹೇಳುತ್ತೇನೆ.

₹4,000ದ ಪ್ರಿಂಟರಿನಲ್ಲಿ ಕಂಪನಿ ದುಡ್ಡು ಮಾಡುವುದು ಕಾರ್ಟ್ರಿಜ್‌ನಲ್ಲಿ. ಚಿಕ್ಕ ಕಾರ್ಟ್ರಿಜ್‌ಗೆ 100–200 ಪುಟ ಅಂತ ಬರೆದಿರುತ್ತಾರೆ. ಅದೂ ಅಕ್ಷರ ಜಾಸ್ತಿ, ಬಣ್ಣ ಕಡಿಮೆ ಇರುವ ಪುಟದ ಲೆಕ್ಕ. ಮಕ್ಕಳ ಪ್ರಾಜೆಕ್ಟಿನಲ್ಲಿ ಪುಟದ ತುಂಬ ಸೌರಮಂಡಲವೋ ಭಾರತದ ನಕಾಶೆಯೋ ಇರುತ್ತದೆ, ಅಷ್ಟು ಎಲ್ಲಿ ಬರಬೇಕು? ಎರಡು ಮೂರು ಸಲ ಕಾರ್ಟ್ರಿಜ್ ಬದಲಿಸುವಷ್ಟರಲ್ಲಿ ಇನ್ನೊಂದು ಪ್ರಿಂಟರಿನ ದುಡ್ಡು ಹೋಗಿರುತ್ತದೆ. ಟ್ಯಾಂಕಿನ ಲೆಕ್ಕವೇ ಬೇರೆ. ಎಪ್ಸನ್‌ನ 003 ನಂಬರಿನ ಕಪ್ಪು ಬಾಟಲಿಯಲ್ಲಿ 65 ಮಿ.ಲೀ. ಇಂಕ್ ಇರುತ್ತದೆ, ಕಂಪನಿ ಹೇಳುವುದು 4,500 ಪುಟ. ಅದರಲ್ಲಿ ಅರ್ಧ ಬಂದರೂ ನಿಮಗೆ ಲಾಭವೇ.

ಎಪ್ಸನ್, ಕ್ಯಾನನ್, ಎಚ್‌ಪಿ ಮೂರು ಕಂಪನಿ ನಡುವೆ ತಲೆಬಿಸಿ ಆದರೆ ಎರಡು ವಿಷಯ ವಿಚಾರಿಸಿ. ಒಂದು, ಹೆಡ್ (ಪೇಪರ್ ಮೇಲೆ ಇಂಕ್ ಚಿಮ್ಮಿಸುವ ಭಾಗ) ಬದಲಿಸುವುದು ಹೇಗೆ? ಕ್ಯಾನನ್ ಜಿ ಸರಣಿಯ ಸಾಮಾನ್ಯ ಮಾಡೆಲ್‌ಗಳಲ್ಲಿ, ಎಚ್‌ಪಿ ಸ್ಮಾರ್ಟ್ ಟ್ಯಾಂಕ್‌ನಲ್ಲಿ ಹೆಡ್ ಕೆಟ್ಟರೆ ಮನೆಯಲ್ಲೇ ತೆಗೆದು ಬೇರೆ ಹಾಕಬಹುದು. ಎಪ್ಸನ್ ಹೆಡ್ ಬಾಳಿಕೆ ಚೆನ್ನಾಗಿದೆ, ಆದರೆ ಕೆಟ್ಟರೆ ಸರ್ವಿಸ್ ಸೆಂಟರಿಗೇ ಹೋಗಬೇಕು, ಖರ್ಚೂ ದೊಡ್ಡದು. ಎರಡು, ಕಪ್ಪು ಇಂಕ್ ಡೈ (ನೀರಿನಲ್ಲಿ ಕರಗಿದ ಬಣ್ಣ) ಆ ಪಿಗ್ಮೆಂಟ್ (ಕರಗದ ನುಣ್ಣನೆ ಪುಡಿಯ ಬಣ್ಣ) ಆ? ಪಿಗ್ಮೆಂಟ್ ಆದರೆ ಹಾಲ್ ಟಿಕೆಟ್ ಮೇಲೆ ಮಳೆ ಹನಿ ಬಿದ್ದರೂ ಅಕ್ಷರ ಕಲಸುವುದಿಲ್ಲ. ಡೈ ಆದರೆ ಕಲಸಿಹೋಗುತ್ತದೆ. ಶಾಲೆ ಮಕ್ಕಳಿರುವ ಮನೆಗೆ ನಾನು ಪಿಗ್ಮೆಂಟ್ ಕಪ್ಪನ್ನೇ ಹೇಳುವುದು.

ತೊಡಕು ಬರುವುದು ಫೋಟೋದಲ್ಲಿ. ಪಿಗ್ಮೆಂಟ್ ಕಪ್ಪು ಗ್ಲಾಸಿ ಪೇಪರಿಗೆ, ಅಂದರೆ ಹೊಳೆಯುವ ಫೋಟೋ ಪೇಪರಿಗೆ, ಸರಿಯಾಗಿ ಅಂಟುವುದಿಲ್ಲ. ಹಾಗಾಗಿ ಇಂಥ ಪ್ರಿಂಟರುಗಳು ಗ್ಲಾಸಿ ಮೇಲೆ ಉಳಿದ ಮೂರು ಬಣ್ಣ ಬೆರೆಸಿ ಕಪ್ಪು ಮಾಡುತ್ತವೆ. ಮದುವೆ ಫೋಟೋದಲ್ಲಿ ಜಡೆ ನೋಡಿ, ಕಪ್ಪಗಿರಬೇಕಾದದ್ದು ಕಂದು ಹೊಡೆದಂತೆ ಕಾಣುತ್ತದೆ. ಕೆನ್ನೆ ಮೇಲೆ ಸಣ್ಣ ಚುಕ್ಕಿ ಚುಕ್ಕಿಯೂ ಕಾಣಬಹುದು. ಆರು ಬಣ್ಣದ ಪ್ರಿಂಟರಿನಲ್ಲಿ ತಿಳಿ ನೀಲಿ, ತಿಳಿ ಗುಲಾಬಿ ಬೇರೆ ಇರುವುದು ಈ ಚುಕ್ಕಿ ಹೋಗಲಾಡಿಸಲಿಕ್ಕೇ. ಎಪ್ಸನ್ ಎಲ್8050 ಅಂಥದ್ದು. ಒಳ್ಳೆಯ ಯಂತ್ರ, ಆದರೆ ಅದರಲ್ಲಿ ಸ್ಕ್ಯಾನರ್ ಇಲ್ಲ, ಜೆರಾಕ್ಸ್ ತೆಗೆಯಲು ಬರುವುದಿಲ್ಲ. ವಾರವಾರ ಫೋಟೋ ಪ್ರಿಂಟ್ ಹಾಕುವವರಿಗೆ ಸರಿ. ವರ್ಷಕ್ಕೆ ಗಣೇಶನ ಹಬ್ಬ, ಒಂದು ಮದುವೆ, ಒಂದು ಪ್ರವಾಸ ಅಂತ ಹಾಕುವವರಿಗೆ ಸುಮ್ನೆ ದಂಡ.

ಇಲ್ಲ, ಫೋಟೋ ಮನೆಯಲ್ಲೇ ಬರಬೇಕು ಅಂತ ಮನೆಯವರು ಪಟ್ಟು ಹಿಡಿದರೆ ಕ್ಯಾನನ್ ಸೆಲ್ಫಿ ಸಿಪಿ1500 ನೋಡಿ. ಅದು ಇಂಕ್‌ಜೆಟ್ ಅಲ್ಲ, ರಿಬ್ಬನ್ ಕಾಯಿಸಿ ಬಣ್ಣ ಹತ್ತಿಸುತ್ತದೆ. ಪೇಪರ್ ನಾಲ್ಕು ಸಲ ಒಳಗೆ ಹೋಗಿ ಬರುತ್ತದೆ: ಹಳದಿ, ಗುಲಾಬಿ, ನೀಲಿ, ಕೊನೆಗೆ ಮೇಲಿನ ರಕ್ಷಣೆಯ ಪದರ. ಮಕ್ಕಳಿಗೆ ಅದನ್ನು ನೋಡುವುದೇ ಆಟ. ಆರು ತಿಂಗಳು ಮುಟ್ಟದಿದ್ದರೂ ಒಣಗಲು ಅದರಲ್ಲಿ ಇಂಕೇ ಇಲ್ಲ. ಪೋಸ್ಟ್‌ಕಾರ್ಡ್ ಅಳತೆಗಿಂತ ದೊಡ್ಡ ಫೋಟೋ ಮಾತ್ರ ಬರುವುದಿಲ್ಲ.

ಇನ್ನೊಂದು ಮಾತು. ವಾಟ್ಸಾಪಿನಲ್ಲಿ ಬಂದ ಫೋಟೋ ಯಾವ ಪ್ರಿಂಟರಿಗೆ ಕೊಟ್ಟರೂ ಅಷ್ಟಕ್ಕಷ್ಟೇ. 4x6 ಇಂಚಿಗೆ 1800x1200 ಪಿಕ್ಸೆಲ್ ಬೇಕು, ಎ4 ಅಳತೆಗೆ ಸುಮಾರು 3500x2480. ತೆಗೆದವರಿಗೆ ಹೇಳಿ ಡಾಕ್ಯುಮೆಂಟ್ ಅಂತ ಕಳಿಸಿಕೊಳ್ಳಿ. ಅಂಗಡಿಗೆ ಹೋಗುವಾಗ ನಿಮ್ಮದೇ ಒಂದು ಫೋಟೋ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಕಂಪನಿಯ ಡೆಮೊ ಫೋಟೋ ಎಲ್ಲ ಪ್ರಿಂಟರಿನಲ್ಲೂ ಚೆನ್ನಾಗೇ ಬರುತ್ತದೆ, ಅಲ್ವಾ?

ಪ್ರಶ್ನೆ: ಚಿತ್ರದುರ್ಗದಲ್ಲಿದ್ದೇವೆ. ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದ ಮೇಲೆ ಟ್ಯಾಂಕ್ ಪ್ರಿಂಟರಿನಲ್ಲಿ ಬಣ್ಣ ಕೆಟ್ಟಿದೆ. ಕೋಟೆಯ ಫೋಟೋ ಹಾಕಿದರೆ ಬಂಡೆಯೆಲ್ಲ ಹಸಿರು! ಹೆಡ್ ಕ್ಲೀನಿಂಗ್ ಕೊಟ್ಟು ಕೊಟ್ಟು ಸಾಕಾಯಿತು. ಹೊಸದು ತಗೊಳ್ಳಬೇಕಾ?

ಉತ್ತರ: ಬೇಡ ಮೇಡಂ. ಬಂಡೆ ಹಸಿರಾಗಿದ್ದರಲ್ಲೇ ಕಾಯಿಲೆ ಗೊತ್ತಾಯಿತು. ಬೂದು ಬಣ್ಣ ಬರಲು ನೀಲಿ, ಗುಲಾಬಿ, ಹಳದಿ ಮೂರೂ ಬೇಕು. ಗುಲಾಬಿ ನಿಂತುಹೋದರೆ ಉಳಿಯುವುದು ನೀಲಿ, ಹಳದಿ. ಅವೆರಡೂ ಸೇರಿದರೆ ಹಸಿರೇ. ನಾಜಲ್ ಚೆಕ್ ಪ್ರಿಂಟ್ (ಪ್ರತಿ ಬಣ್ಣದ ಗೆರೆ ಹಾಕಿ ತೋರಿಸುವ ಪರೀಕ್ಷೆಯ ಪುಟ) ತೆಗೆಯಿರಿ, ಗುಲಾಬಿ ಗೆರೆಗಳು ತುಂಡು ತುಂಡಾಗಿ ಬಂದಿರುತ್ತವೆ. ಟ್ಯಾಂಕಿನಲ್ಲಿ ಗುಲಾಬಿ ಇಂಕ್ ಕೆಳಗಿನ ಗೆರೆಗಿಂತ ಮೇಲಿದೆಯಾ ಅಂತಲೂ ನೋಡಿ.

ಇದ್ದರೆ, ಹೆಡ್ ಕ್ಲೀನಿಂಗ್ ಎರಡು ಸಲ ಕೊಟ್ಟು ನಿಲ್ಲಿಸಿ. ಪ್ರಿಂಟರ್ ಆಫ್ ಮಾಡಿ ಒಂದು ರಾತ್ರಿ ಬಿಡಿ, ಒಣಗಿದ ಇಂಕ್ ನೆನೆಯಲಿ. ಬೆಳಿಗ್ಗೆ ಇನ್ನೊಂದು ಸಲ ಕೊಡಿ. ಒಂದೇ ಸಮನೆ ಕೊಟ್ಟರೆ ಇಂಕ್ ದಂಡ, ಜೊತೆಗೆ ಆ ಇಂಕೆಲ್ಲ ಒಳಗಿನ ವೇಸ್ಟ್ ಪ್ಯಾಡಿಗೆ ಹೋಗಿ ಅದೂ ಬೇಗ ತುಂಬುತ್ತದೆ. ಪ್ಯಾಡ್ ತುಂಬಿದರೆ ಪ್ರಿಂಟರ್ ಕೆಲಸವನ್ನೇ ನಿಲ್ಲಿಸುತ್ತದೆ. ಎರಡು ದಿನ ಹೀಗೆ ಮಾಡಿದರೂ ಗೆರೆ ಕೂಡದಿದ್ದರೆ ಸರ್ವಿಸ್‌ನವರಿಗೆ ತೋರಿಸಿ.

ನಿಮ್ಮೂರಿನ ಒಣಗಾಳಿಗೆ, ಧೂಳಿಗೆ ಇದು ಮತ್ತೆ ಮತ್ತೆ ಆಗುವಂಥದ್ದೇ. ವಾರಕ್ಕೊಂದು ಬಣ್ಣದ ಪುಟ ಹಾಕಿ. ಹಿಂದಿನ ಟ್ರೇನಲ್ಲಿ ಪೇಪರ್ ಬಿಡಬೇಡಿ, ಮೇಲೊಂದು ಬಟ್ಟೆ ಹೊದಿಸಿ. ಗೋಡೆಯ ಸ್ವಿಚ್ ಆರಿಸುವ ಮೊದಲು ಪ್ರಿಂಟರಿನ ಬಟನ್ ಒತ್ತಿ ಆಫ್ ಮಾಡಿ. ಆಗಲೇ ಹೆಡ್ ಮೂಲೆಗೆ ಹೋಗಿ ಮುಚ್ಚಳದ ಮೇಲೆ ಕೂರುವುದು. ಪ್ರಿಂಟ್ ಆಗುವಾಗ ಕರೆಂಟ್ ಹೋದರೆ ಹೆಡ್ ನಡುವೆಯೇ ತೆರೆದುಕೊಂಡು ನಿಲ್ಲುತ್ತದೆ, ಹಾಗಾಗಿ ಮನೆಯ ಯುಪಿಎಸ್ ಲೈನಿಗೆ ಹಾಕಿ. ಇಂಕ್‌ಜೆಟ್‌ಗೆ ಬೇಕಾಗುವ ಕರೆಂಟ್ ತೀರಾ ಕಡಿಮೆ. ಲೇಸರ್ ಪ್ರಿಂಟರನ್ನು ಮಾತ್ರ ಆ ಲೈನಿಗೆ ಹಾಕಬೇಡಿ, ಬಿಸಿಯಾಗುವಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ.

ಪ್ರಶ್ನೆ: ಹರಿಹರದಿಂದ. ಲೋಕಲ್ ಇಂಕ್ ಹಾಕಬಹುದಾ?

ಉತ್ತರ: ವಾರಂಟಿ ಮುಗಿದಿದ್ದು, ಬರೀ ನೋಟ್ಸ್ ಪ್ರಿಂಟ್ ಹಾಕುವುದಾದರೆ ನಿಮ್ಮಿಷ್ಟ. ಫೋಟೋಗೆ ಬೇಡ, ಮುಖದ ಬಣ್ಣ ಬದಲಾಗುತ್ತದೆ, ಬೇಗ ಮಾಸುತ್ತದೆ. ಡೈ ಇಂಕಿನ ಟ್ಯಾಂಕಿಗೆ ಪಿಗ್ಮೆಂಟ್ ಮಾತ್ರ ಸುರಿಯಬೇಡಿ, ಹೆಡ್ ಕಟ್ಟಿಕೊಳ್ಳುತ್ತದೆ.