ರೆನಾಮೊ ಬರೀ ಕೈಗೊಂಬೆಯಾ? ಅದೇ ಪ್ರಶ್ನೆ, ಮತ್ತೊಮ್ಮೆ ಉತ್ತರ

ಮೊಜಾಂಬಿಕ್ ಬಗ್ಗೆ ಬರೆದಾಗಲೆಲ್ಲ ಅದೇ ನಾಲ್ಕು ಪ್ರಶ್ನೆ ಬರುತ್ತವೆ. 1975ರಲ್ಲಿ ಪೋರ್ಚುಗೀಸರು ಹೋಗಿ, ಅವರ ವಿರುದ್ಧ ಹೋರಾಡಿದ ಫ್ರೆಲಿಮೊ ಅಧಿಕಾರಕ್ಕೆ ಬಂದ ಕಥೆಯನ್ನು ಮತ್ತೆ ಹೇಳುವುದಿಲ್ಲ. ರೆನಾಮೊ ಅಂದರೆ ಆ ಫ್ರೆಲಿಮೊ ಸರ್ಕಾರದ ವಿರುದ್ಧ ಅಂತರ್ಯುದ್ಧ ನಡೆಸಿದ ಬಂಡುಕೋರರ ಗುಂಪು.

ರೆನಾಮೊ ಹೊರಗಿನವರ ಕೈಗೊಂಬೆ ಅಂತೀರಿ. ಹಾಗಿದ್ದರೆ ಚುನಾವಣೆಯಲ್ಲಿ ಅಷ್ಟೊಂದು ವೋಟು ಬಂದದ್ದು ಹೇಗೆ?

ಹುಟ್ಟಿಸಿದ್ದು ಹೊರಗಿನವರೇ, ಅದರಲ್ಲಿ ವಾದ ಬೇಡ. 1976ರಲ್ಲಿ ಮೊಜಾಂಬಿಕ್ ಅಧ್ಯಕ್ಷ ಸಮೋರಾ ಮಶೆಲ್ ಪಕ್ಕದ ರೊಡೇಶಿಯಾದ ಗಡಿ ಮುಚ್ಚಿದರು, ಅಲ್ಲಿನ ಬಿಳಿಯರ ಸರ್ಕಾರದ ವಿರುದ್ಧ ಹೋರಾಡುವ ಗೆರಿಲ್ಲಾಗಳಿಗೆ ಜಾಗವನ್ನೂ ಕೊಟ್ಟರು. ಅದಕ್ಕೆ ಸೇಡು ಅಂತ ರೊಡೇಶಿಯಾದ ಗುಪ್ತಚರ ಇಲಾಖೆ ಫ್ರೆಲಿಮೊ ಮೇಲೆ ಸಿಟ್ಟಿದ್ದವರನ್ನು ಕಲೆಹಾಕಿ ತರಬೇತಿ ಕೊಟ್ಟಿತು. 1980ರಲ್ಲಿ ರೊಡೇಶಿಯಾ ಜಿಂಬಾಬ್ವೆ ಆದಾಗ ಇಡೀ ಗುಂಪನ್ನು ದಕ್ಷಿಣ ಆಫ್ರಿಕಾದ ಸೇನೆ ಸಾಕಿಕೊಂಡಿತು. 1984ರಲ್ಲಿ ದಕ್ಷಿಣ ಆಫ್ರಿಕಾದವರು ಮೊಜಾಂಬಿಕ್ ಜೊತೆ ನ್ಕೊಮಾಟಿ ಒಪ್ಪಂದಕ್ಕೆ ಸಹಿ ಹಾಕಿ, ರೆನಾಮೊಗೆ ಇನ್ನು ನೆರವಿಲ್ಲ ಎಂದರು. ಮರುವರ್ಷ ಗೊರೊಂಗೋಸಾದಲ್ಲಿದ್ದ ರೆನಾಮೊದ ಕಾಸಾ ಬನಾನಾ ನೆಲೆ ಸರ್ಕಾರದ ಕಡೆಯವರ ವಶವಾದಾಗ ಅಲ್ಲಿ ಡೈರಿಗಳು ಸಿಕ್ಕವು. ಸಹಿಯ ಆಮೇಲೂ ಬಂದ ನೆರವು, ದಕ್ಷಿಣ ಆಫ್ರಿಕಾದ ಉಪಮಂತ್ರಿಯೊಬ್ಬರು ಅಲ್ಲಿಗೇ ಬಂದು ಹೋದದ್ದು, ಎಲ್ಲ ಅದರಲ್ಲಿತ್ತು!

ಆದರೆ ಹೊರಗಿನವರು ಬಂದೂಕು ಕೊಡಬಹುದು, ಸಿಟ್ಟನ್ನಲ್ಲ. ಆ ಕೆಲಸ ಫ್ರೆಲಿಮೊ ಮಾಡಿತು. ಹೊಲದ ಪಕ್ಕದಲ್ಲೇ ಅಲ್ಲೊಂದು ಇಲ್ಲೊಂದು ಮನೆ ಮಾಡಿಕೊಂಡಿದ್ದವರನ್ನು ಎಬ್ಬಿಸಿ ಸಾಮೂಹಿಕ ಹಳ್ಳಿಗಳಿಗೆ ತಂದು ಹಾಕಿತು. ಹೊಲಕ್ಕೆ ದಿನಾ ಮೈಲಿಗಟ್ಟಲೆ ನಡೆಯಬೇಕು, ಹಿರಿಯರ ಸಮಾಧಿ ಇನ್ನೆಲ್ಲೋ. ಊರ ಮುಖಂಡರನ್ನು ಮೂಲೆಗೆ ತಳ್ಳಿತು. 1983ರಲ್ಲಿ ಕೆಲಸವಿಲ್ಲದವರು ಅಂತ ಪಟ್ಟಣದ ಜನರನ್ನು ಹಿಡಿದು ಉತ್ತರದ ನಿಯಾಸಾಕ್ಕೆ ಸಾಗಿಸಿತು. ರೆನಾಮೊದವರು ಬಂದು ಆ ಹಳ್ಳಿಗೆ ಬೆಂಕಿ ಇಟ್ಟು, ನಿಮ್ಮ ಹಳೇ ಜಾಗಕ್ಕೆ ಹೋಗಿ ಎಂದಾಗ ಉತ್ತರದ ನಂಪುಲಾ ಕಡೆ ಕೆಲವರಿಗೆ ಖುಷಿಯೇ ಆಯಿತು. ಆಮೇಲೆ ಅವರಿಂದಲೇ ದವಸ ಕಿತ್ತುಕೊಂಡು, ಬಿಟ್ಟಿ ಚಾಕರಿಗೆ ಹೊರೆ ಹೊರಿಸಿದರು. ಆದರೂ ಯುದ್ಧ ಮುಗಿಸಿದ 1992ರ ರೋಮ್ ಒಪ್ಪಂದದ ಆಮೇಲೆ, 1994ರ ಚುನಾವಣೆಯಲ್ಲಿ ರೆನಾಮೊಗೆ 250ರಲ್ಲಿ 112 ಸೀಟು ಬಂತು. ಫ್ರೆಲಿಮೊ ಮೇಲಿನ ಸಿಟ್ಟು ಅಷ್ಟಿತ್ತು.

ಇದನ್ನು ಓದಿ, ಹಾಗಾದರೆ ಅವರು ಸ್ವಾತಂತ್ರ್ಯ ಹೋರಾಟಗಾರರು ಅಂತ ದಯವಿಟ್ಟು ಬರೆದು ಕಳಿಸಬೇಡಿ. ಮಕ್ಕಳನ್ನು ಹೊತ್ತೊಯ್ದು ಕೈಗೆ ಬಂದೂಕು ಕೊಟ್ಟವರು ಅವರು.

ಅಮೆರಿಕವೂ ರೆನಾಮೊಗೆ ಆಯುಧ ಕೊಟ್ಟಿತ್ತಲ್ವಾ?

ರೇಗನ್ ಸರ್ಕಾರ ಕೊಟ್ಟಿದ್ದು ಅಂಗೋಲಾದ ಬಂಡುಕೋರ ಗುಂಪು ಯುನಿಟಾಗೆ. ಎರಡನ್ನೂ ಕಲಸಬೇಡಿ.

ಈಗ ಮೊಜಾಂಬಿಕ್‌ನ ಉತ್ತರ ತುದಿಯ ಕಾಬೊ ಡೆಲ್ಗಾಡೊದಲ್ಲಿ ಹೋರಾಡುತ್ತಿರುವುದು ಇವರೇನಾ?

ಅಲ್ಲ. ಅದು 2017ರಲ್ಲಿ ಶುರುವಾದದ್ದು, ಗುಂಪೇ ಬೇರೆ.

ಮಂತ್ರದ ಮದ್ದು ಹಾಕಿಸಿಕೊಂಡ ನಪರಾಮಾ ಪಡೆಯ ಹಳ್ಳಿಗರಿಗೆ ಗುಂಡು ತಾಗುತ್ತಿರಲಿಲ್ಲವಂತೆ, ನಿಜವಾ?

ಸುಮ್ನೆ ಇಂಥದ್ದನ್ನು ಫಾರ್ವರ್ಡ್ ಮಾಡಬೇಡಿ. ಈಟಿ, ಕತ್ತಿ ಹಿಡಿದು ರೆನಾಮೊ ಮೇಲೆ ಬಿದ್ದ ಆ ಹಳ್ಳಿಗರ ಧೈರ್ಯ ನಿಜ, ಮದ್ದಿಗೆ ಹೆದರಿ ರೆನಾಮೊದವರು ಓಡಿದ್ದೂ ನಿಜ. ಮದ್ದು ಹಾಕುತ್ತಿದ್ದ ಮಾನುಯೆಲ್ ಆಂಟೋನಿಯೊ 1991ರಲ್ಲಿ ರೆನಾಮೊ ಕೈಯಲ್ಲೇ ಸತ್ತ.