ಹೊಳೆ ದಂಡೆ ಎಷ್ಟು ಜರಿಯಿತು? ಅಳೆಯುವ ಬಗೆ

ಪ್ರಶ್ನೆ: ನಮ್ಮ ಗದ್ದೆ, ಕಾಫಿ ತೋಟ ಲಕ್ಷ್ಮಣತೀರ್ಥದ ತಿರುವಿನಲ್ಲಿದೆ. 2019ರ ಆಗಸ್ಟ್ ಪ್ರವಾಹದ ನಂತರ ಪ್ರತಿ ಮಳೆಗಾಲದಲ್ಲೂ ಬರೆ ಜರಿಯುತ್ತಿದೆ. ಎಷ್ಟು ಹೋಯಿತೆಂದರೆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಕಳೆದ ವರ್ಷ ದಂಡೆಗೆ 60 ಸೆಂ.ಮೀ. ಕಬ್ಬಿಣದ ಸರಳು ಹೊಡೆದೆವು. ಮಳೆ ಮುಗಿಯುವಷ್ಟರಲ್ಲಿ ಸರಳೇ ಇಲ್ಲ. ಸರಿಯಾಗಿ ಅಳೆಯುವುದು ಹೇಗೆ?
– ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ಸರಳಿನ ಮಾತು ಆಮೇಲೆ. ಮೊದಲು ಬೇಕಾದ್ದು ಅಲುಗಾಡದ ಗುರುತು. ಹೊಳೆಯ ಎರಡೂ ಬದಿ, ಅಂಚಿನಿಂದ ಕನಿಷ್ಠ 10 ಮೀಟರ್ ಹಿಂದೆ, ತಲೆಯಲ್ಲಿ ಮೊಳೆ ಇರುವ ಕಾಂಕ್ರೀಟ್ ಗೂಟ ಹೂಳಿ. ಆಚೆ ದಡದವರನ್ನು ಮೊದಲೇ ಕೇಳಿಕೊಳ್ಳಿ. ಗೂಟ ನೆಲಮಟ್ಟಕ್ಕೇ ಇರಲಿ, ಆನೆ ಓಡಾಡುವ ತೋಟದಲ್ಲಿ ಎದ್ದು ನಿಂತದ್ದು ಉಳಿಯದು. ಹತ್ತಿರದ ಎರಡು ಬಂಡೆಗಳಿಂದ ಅದಕ್ಕಿರುವ ದೂರ ಬರೆದಿಡಿ. ಇಲ್ಲವಾದರೆ ಮುಂದಿನ ವರ್ಷ ಕಾಡು ಸವರಿ ಗೂಟ ಹುಡುಕುವುದೇ ಕೆಲಸ.

ಫೆಬ್ರುವರಿ–ಮಾರ್ಚ್‌ನಲ್ಲಿ ನೀರು ತೀರಾ ಇಳಿದಾಗ ಗೂಟದಿಂದ ಗೂಟಕ್ಕೆ ಟೇಪು ಬಿಗಿಯಾಗಿ ಎಳೆಯಿರಿ. ಜೋತರೆ ದೂರ ಹೆಚ್ಚಾಗಿ ಬರುತ್ತದೆ. ಆಟೋ ಲೆವೆಲ್ (ಸಮಮಟ್ಟದಲ್ಲಿ ನೋಡುವ ಮುಕ್ಕಾಲಿ ಮೇಲಿನ ದುರ್ಬೀನು) ಮತ್ತು 4 ಮೀಟರ್ ಸ್ಟಾಫ್ (ನೆಟ್ಟಗೆ ಹಿಡಿಯುವ ಅಳತೆ ಪಟ್ಟಿ) ಬಾಡಿಗೆಗೆ ತನ್ನಿ. ನಿಮ್ಮ ಬದಿಯ ಗೂಟದ ಮೊಳೆಯ ಮಟ್ಟವನ್ನು 100.00 ಮೀಟರ್ ಎಂದಿಟ್ಟುಕೊಳ್ಳಿ. ಅಲ್ಲಿ ಸ್ಟಾಫ್ 1.25 ತೋರಿಸಿದರೆ ಉಪಕರಣದ ಎತ್ತರ 101.25. ಹೊಳೆಯ ತಳದಲ್ಲಿ 3.85 ಓದಿದರೆ ಅಲ್ಲಿನ ಮಟ್ಟ 97.40. ಸಮ ಅಂತರದಲ್ಲಿ ಓದಿದರೆ ಸಾಲದು: ದಂಡೆಯ ಅಂಚು, ಬುಡ, ನೀರಿನ ಅಂಚು, ಅತಿ ಆಳದ ಜಾಗ, ಹೀಗೆ ಇಳಿಜಾರು ಬದಲಾಗುವಲ್ಲೆಲ್ಲ ಓದಬೇಕು. ಸ್ಟಾಫನ್ನು ಕೆಸರಿಗೆ ಒತ್ತಬೇಡಿ. ಕೊನೆಗೆ ಮತ್ತೆ ಮೊಳೆಯ ಮೇಲಿಟ್ಟು ಓದಿ, 1 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲವನ್ನೂ ಮತ್ತೆ ಮಾಡಿ. ಇಂಥ ಸಾಲು ತಿರುವಿನಲ್ಲೊಂದು, ಮೇಲೊಂದು, ಕೆಳಗೊಂದು ಇರಲಿ.

ಮಳೆಗಾಲ ಕಳೆದು, ನೀರು ಇಳಿದು, ದಂಡೆ ಆರಿದ ಮೇಲೆ ಅದೇ ಸಾಲಿನಲ್ಲಿ ಇನ್ನೊಮ್ಮೆ ಅಳೆಯಿರಿ. ನೆರೆ ಇಳಿದ ಮರುದಿನವೇ ಅಂಚಿಗೆ ಹೋಗಬೇಡಿ, ಬರೆ ಬೀಳುವುದು ಆಗಲೇ. ಮಣ್ಣು ನೀರು ಕುಡಿದು ಭಾರವಾಗಿರುತ್ತದೆ, ಒತ್ತಿ ಹಿಡಿದಿದ್ದ ಹೊಳೆ ಸರಿದಿರುತ್ತದೆ, ಬುಡ ಮೊದಲೇ ಕೊರೆದಿರುತ್ತದೆ.

ನಿಮ್ಮ ಸರಳು ಹೋದದ್ದೂ ಹೀಗೇ ಇರಬೇಕು. ಸರಳು ತೋರಿಸುವುದು ಮೇಲ್ಮೈ ಸವೆತವನ್ನು: 5 ಸೆಂ.ಮೀ. ಹೊರಗಿದ್ದದ್ದು 17 ಆದರೆ 12 ಸೆಂ.ಮೀ. ಹೋಯಿತು. ಹೆಂಟೆಯಾಗಿ ಬಿದ್ದರೆ ಸರಳೂ ಜೊತೆಗೇ ಹೋಗುತ್ತದೆ, ಆಗ ‘60 ಸೆಂ.ಮೀ. ಹೋಯಿತು’ ಎಂದು ಬರೆದರೆ ತಪ್ಪು. ತೇಲಿಬಂದ ಮರ ಕಿತ್ತಿರಲೂಬಹುದು. ‘ಸರಳಿಲ್ಲ’ ಎಂದಷ್ಟೇ ಬರೆದು, ಗೂಟದಿಂದ ಅಂಚಿಗೆ ಟೇಪು ಹಿಡಿಯಿರಿ. ಸರಳು ಮೊದಲಿಗಿಂತ ಒಳಹೋದಂತೆ ಕಂಡರೆ ಮೇಲಿನ ಮಣ್ಣು ಜಾರಿ ಅಲ್ಲಿ ಕೂತಿದೆ.

ಪ್ರಶ್ನೆ: ಗೂಗಲ್ ಅರ್ಥ್ ಚಿತ್ರ ನೋಡಿದರೆ ಸಾಲದೇ?
– ಇನ್ನೊಬ್ಬ ಓದುಗರು, ವಿರಾಜಪೇಟೆ

ಉತ್ತರ: ಸಾಲದು. ಮರ, ಬಿದಿರು ಅಂಚನ್ನೇ ಮುಚ್ಚಿರುತ್ತವೆ. ಬೇರೆ ಬೇರೆ ವರ್ಷದ ಚಿತ್ರಗಳು ಒಂದಕ್ಕೊಂದು ಕೆಲವು ಮೀಟರ್ ಸರಿದಿರಬಹುದು. ಹೊಳೆ ದಿಕ್ಕನ್ನೇ ಬದಲಿಸಿದ್ದರೆ ಮಾತ್ರ ಅದರಲ್ಲಿ ಕಾಣುತ್ತದೆ.