ಉದ್ದ ಪದದಲ್ಲಿ ಒತ್ತು ಎಲ್ಲಿ ಬೀಳಬೇಕು?

ಪ್ರಶ್ನೆ: ಬೆಂಗಳೂರಿನ ಕಾಲೇಜೊಂದರಲ್ಲಿ, ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿಯ ತಂತ್ರಜ್ಞಳಾಗಲು ಓದುತ್ತಿದ್ದೇನೆ. ಸೆಮಿನಾರ್‌ನಲ್ಲಿ ಅದರ ಪೂರ್ಣ ಹೆಸರಾದ ‘ಎಲೆಕ್ಟ್ರೋಎನ್‌ಸೆಫಲೋಗ್ರಫಿ’ ಎನ್ನುವಾಗ ತಡವರಿಸುತ್ತೇನೆ. ಇದರಲ್ಲಿ ಎಷ್ಟು ಸಿಲಬಲ್‌ಗಳಿವೆ?

ಉತ್ತರ: ಪದ ಬದಲಾದರೂ ಎಲ್ಲರೂ ಕೇಳುವುದು ಎಣಿಕೆಯನ್ನೇ, ಕೇಳಬೇಕಾದದ್ದು ಒತ್ತನ್ನು, ಅಂದರೆ ಯಾವ ಸಿಲಬಲ್ಲನ್ನು ಬಲವಾಗಿ ಹೇಳಬೇಕೆಂಬುದನ್ನು. ಇ-ಲೆಕ್-ಟ್ರೊ-ಎನ್-ಸೆ-ಫ-ಲಾ-ಗ್ರ-ಫಿ, ಒಟ್ಟು 9. ಕನ್ನಡಿಗರು ಎಣಿಕೆಯಲ್ಲಿ ಎಡವುವುದಿಲ್ಲ. ಎಲ್ಲ ಅಕ್ಷರಗಳನ್ನೂ ಒಂದೇ ತೂಕದಲ್ಲಿ ಹೇಳಿ ಎಡವುತ್ತಾರೆ. ನಮ್ಮಲ್ಲಿ ಹ್ರಸ್ವ ದೀರ್ಘವಾದರೆ ಅರ್ಥ ಕೆಡುತ್ತದೆ, ಒತ್ತು ಜರುಗಿದರೆ ಕೆಡುವುದಿಲ್ಲ. ಛಂದಸ್ಸಿನ ಗುರು-ಲಘುಗಳೂ ಕಾಲದ ಅಳತೆಯೇ ಹೊರತು ಒತ್ತಿನದಲ್ಲ. ಇಂಗ್ಲಿಷಿನಲ್ಲಾದರೋ ಒಂದು ಸಿಲಬಲ್ ಎದ್ದು ಕೇಳಿಸಬೇಕು, ಒತ್ತಿಲ್ಲದವುಗಳ ಸ್ವರ ಬಹುಮಟ್ಟಿಗೆ ಸವೆದು ಅಸ್ಪಷ್ಟ ಅಕಾರವಾಗಬೇಕು.

ಈ ಪದದ ಮುಖ್ಯ ಒತ್ತು ಕೊನೆಯಿಂದ ಮೂರನೆಯದಾದ ‘ಲಾ’ ಮೇಲಿದೆ. ‘ಲೆಕ್’ ಮತ್ತು ‘ಸೆ’ಗಳಿಗೆ ಹಗುರವಾದ ಒತ್ತು ಸಾಕು, ‘ಫ’ ಮತ್ತು ‘ಗ್ರ’ಗಳನ್ನು ತೇಲಿಸಿಬಿಡಿ. ಕನ್ನಡದಲ್ಲಿ ನಾವು ಬರೆಯುವ ‘ಲೋ’ ದಾರಿ ತಪ್ಪಿಸುತ್ತದೆ; ಅಲ್ಲಿರುವುದು ‘ಡಾಕ್ಟರ್’ ಪದದ ಮೊದಲ ಸ್ವರ. ‘ಗ್ರಫಿ’, ‘ಲಜಿ’, ‘ಮೆಟ್ರಿ’ ಎಂದು ಮುಗಿಯುವ ಪದಗಳಲ್ಲಿ ಒತ್ತು ಸಾಮಾನ್ಯವಾಗಿ ಕೊನೆಯಿಂದ ಮೂರನೆಯ ಸಿಲಬಲ್‌ಗೇ ಬರುತ್ತದೆ, ‘ಇಕ್’ ಎಂದು ಮುಗಿದರೆ ಅದರ ಹಿಂದಿನದಕ್ಕೆ. ಹಾಗಾಗಿಯೇ ‘ಫೋಟೋಗ್ರಾಫ್’ನಲ್ಲಿ ‘ಫೋ’ ಮೇಲಿದ್ದ ಒತ್ತು, ‘ಫೋಟೋಗ್ರಫಿ’ಯಲ್ಲಿ ಎರಡನೆಯ ಸಿಲಬಲ್‌ಗೂ ‘ಫೋಟೋಗ್ರಾಫಿಕ್’ನಲ್ಲಿ ಮೂರನೆಯದಕ್ಕೂ ಜರುಗುತ್ತದೆ. ನಿಮ್ಮ ಕೈಗೆ ಬರುವ ದಾಖಲೆಯಾದ ‘ಎಲೆಕ್ಟ್ರೋಎನ್‌ಸೆಫಲೋಗ್ರಾಮ್’ನಲ್ಲಿ 8 ಸಿಲಬಲ್‌ಗಳಿದ್ದು, ಮುಖ್ಯ ಒತ್ತು ‘ಸೆ’ ಮೇಲಿದೆ. ಈ ಎರಡನ್ನೂ ಒಂದೇ ಧಾಟಿಯಲ್ಲಿ ಹೇಳುವುದರಿಂದಲೇ ತಡವರಿಕೆ ಹುಟ್ಟುತ್ತದೆ. ಪದವನ್ನು ಹಿಂದಿನಿಂದ ಕಟ್ಟಿಕೊಳ್ಳಿ: ಮೊದಲು ‘ಲಾಗ್ರಫಿ’, ಆಮೇಲೆ ‘ಸೆಫಲಾಗ್ರಫಿ’, ಆಮೇಲೆ ‘ಎನ್‌ಸೆಫಲಾಗ್ರಫಿ’, ಕೊನೆಗೆ ‘ಇಲೆಕ್ಟ್ರೊ’ ಸೇರಿಸಿ. ವೇಗದ ಗೊಡವೆ ಬೇಡ.

ಪ್ರಶ್ನೆ: ನಾಲಿಗೆ ಹೊರಳಲು ಬಜೆ ತೇಯ್ದು ಹಚ್ಚಬೇಕೆನ್ನುತ್ತಾರೆ. ಮಾತೃಭಾಷೆಯ ಪ್ರಭಾವವನ್ನು ತಿಂಗಳಲ್ಲಿ ಅಳಿಸುತ್ತೇವೆನ್ನುವ ತರಗತಿಗೆ ಸೇರಲೇ?

ಉತ್ತರ: ಎರಡೂ ಬೇಡ. ಬಜೆಗೂ ಒತ್ತಿಗೂ ಸಂಬಂಧವಿಲ್ಲ. ಮಾತೃಭಾಷೆಯನ್ನು ರೋಗವೆಂಬಂತೆ ತೋರಿಸಿ ಶುಲ್ಕ ಕೀಳುವವರು ಒತ್ತಿನ ನಿಯಮ ಕಲಿಸದೆ ಅಮೆರಿಕದ ರಾಗವನ್ನಷ್ಟೇ ಅನುಕರಿಸಲು ಹೇಳಿದರೆ, ಆ ಹಣದಲ್ಲಿ ಉಚ್ಚಾರಣೆಯ ನಿಘಂಟನ್ನು ಕೊಳ್ಳಿ.

ಪ್ರಶ್ನೆ: ‘ಎನ್‌ಸೆಫ’ ಸರಿಯೋ, ‘ಎನ್‌ಕೆಫ’ ಸರಿಯೋ?

ಉತ್ತರ: ಎರಡೂ ಸರಿ. ಬ್ರಿಟನ್ನಿನ ವೈದ್ಯರಲ್ಲಿ ‘ಕೆ’ ಬಳಕೆಯಲ್ಲಿದೆ. ಮನುಷ್ಯರ ಇಇಜಿ ಕುರಿತು ಮನೋವೈದ್ಯ ಹ್ಯಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದ ಜರ್ಮನ್ ಲೇಖನದ ಶೀರ್ಷಿಕೆಯಲ್ಲೂ ಇದ್ದದ್ದು ‘ಕೆ’ಯೇ. ಒಂದನ್ನು ಆರಿಸಿಕೊಂಡು, ಒಂದೇ ಸೆಮಿನಾರ್‌ನಲ್ಲಿ ಎರಡನ್ನೂ ಬೆರೆಸದಿರಿ.